ನೆಲದ ಟಿಕೇಟು

ಸಿಳ್ಳೆ ಹೊಡೆಯುವುದೂ ಒಂದು ವಿದ್ಯೆ. ಅದಕ್ಕೆ ಗುರುವಿಲ್ಲ, ಪಾಠಶಾಲೆಯಿಲ್ಲ; ಅದರಲ್ಲಿ ಪಾರಂಗತನಾದವನಿಗೆ ಶಾಲು ಹೊದಿಸಿ ಹಾರ ಹಾಕಿದ ಸಂಘವೊಂದು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿದಂತಿಲ್ಲ. ಎರಡು ಬೆರಳುಗಳನ್ನು ತುಟಿಗಳ ನಡುವೆ ತೂರಿಸಿ, ನಾಲಗೆಯನ್ನು ಹಿಂದಕ್ಕೆ ಮಡಿಸಿ, ಎದೆಯಲ್ಲಿರುವ ಉಸಿರನ್ನೆಲ್ಲ ಒಂದೇ ಸಲಕ್ಕೆ ಹೊರಗೆ ದೂಡಿದರೆ ಹಲವರಿಗೆ ಬರಿಯ ಗಾಳಿ ಬರುತ್ತದೆ, ಕೆಲವರಿಗೆ ಉಗುಳು ಬರುತ್ತದೆ. ಸಾವಿರಕ್ಕೊಬ್ಬನಿಗೆ ಮಾತ್ರ ಸಿಳ್ಳೆ ಬರುತ್ತದೆ. ಕಾಸರಕೋಡದಲ್ಲಿ ಅಂಥವನೊಬ್ಬನಿದ್ದ. ಆತನ ಸಿಳ್ಳೆ ಶರಾವತಿಯನ್ನು ದಾಟಿ ಹೊನ್ನಾವರದ ಬಂದರಿನಲ್ಲಿ ಮಲಗಿದವರನ್ನು ಎಬ್ಬಿಸುತ್ತದೆಂದು ಗೆಳೆಯರು ಹೇಳುತ್ತಿದ್ದರು. ಇದು ಉತ್ಪ್ರೇಕ್ಷೆ. ಆದರೆ ಅಳಿವೆಯ ಮೇಲಿನ ಗಾಳಿ ಅನುಕೂಲವಾಗಿದ್ದ ರಾತ್ರಿಗಳಲ್ಲಿ ಅಷ್ಟೇನೂ ದೊಡ್ಡ ಉತ್ಪ್ರೇಕ್ಷೆಯಲ್ಲ.

ಹಗಲಿನಲ್ಲಿ ಆತ ಕಿರಾಣಿ ಅಂಗಡಿಯೊಂದರಲ್ಲಿ ಅಕ್ಕಿ ಬೆಲ್ಲ ತೂಗುವ ಆಳು. ಗಿರಾಕಿಗಳೊಡನೆ ಎರಡು ಮಾತು ಹೆಚ್ಚಾಗಿ ಆಡಿದವನಲ್ಲ. ತಕ್ಕಡಿಯ ಮುಳ್ಳು ನೇರವಾಗುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವುದು ಆತನ ಅಭ್ಯಾಸ. ಹಾಗೆ ಹಗಲೆಲ್ಲ ಹಿಡಿದಿಟ್ಟ ಉಸಿರೇ ರಾತ್ರಿ ಸಿಳ್ಳೆಯಾಗಿ ಹೊರಡುತ್ತದೆಂದು ಅಂಗಡಿಯ ಯಜಮಾನರು ವಿನೋದವಾಗಿ ಹೇಳುತ್ತಿದ್ದರು.

ದೀಪಾವಳಿ ಕಳೆದು, ಕಡಲ ಸೀಮೆಯಲ್ಲಿ ಮಳೆಯ ಒದ್ದೆ ಆರಿದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮತ್ತೆ ಮುಂಗಾರು ಮೋಡ ಕಾಣಿಸಿಕೊಳ್ಳುವವರೆಗೆ ಅವುಗಳಿಗೆ ವಿಶ್ರಾಂತಿಯೆಂಬುದಿಲ್ಲ. ಇಂದು ಒಂದೂರು, ನಾಳೆ ಇನ್ನೊಂದೂರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಡೇರೆಯ ಮೇಳಗಳ ವೈಭವ ಹೇಳತೀರದು. ಮಧ್ಯಾಹ್ನದ ಬಿಸಿಲಿನಲ್ಲಿ ಧ್ವನಿವರ್ಧಕ ಕಟ್ಟಿದ ಜೀಪೊಂದು ಊರೊಳಗೆ ಬಂದಿತೆಂದರೆ ಶಾಲೆಯ ಮಕ್ಕಳು ಪಾಟಿ ಪುಸ್ತಕಗಳನ್ನು ಬಿಟ್ಟು ಕಿಟಕಿಗೆ ಅಂಟಿಕೊಳ್ಳುತ್ತಿದ್ದರು. ಗುಲಾಬಿ, ಹಳದಿ ಬಣ್ಣದ ಕರಪತ್ರಗಳು ಗಾಳಿಯಲ್ಲಿ ಹಾರುತ್ತಿದ್ದವು. ಹೆಂಗಸರು ಸಂಜೆಯ ಅಡಿಗೆಯನ್ನು ಬೇಗ ಮುಗಿಸುತ್ತಿದ್ದರು. ಕಡಲಿಗೆ ಹೋಗುವವರು ಕೂಡ ಆ ರಾತ್ರಿಯ ಮಟ್ಟಿಗೆ ಬಲೆಯನ್ನು ದಡದಲ್ಲಿ ಬಿಟ್ಟು ಬರುತ್ತಿದ್ದರು.

ಡೇರೆಯೆಂದರೆ ಸುತ್ತಲೂ ಬಟ್ಟೆಯ ಗೋಡೆ, ಎದುರಿಗೆ ರಂಗಸ್ಥಳ, ಹಿಂದೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿ. ಒಳಗೆ ಕುಳಿತುಕೊಳ್ಳುವುದಕ್ಕೆ ನಾಲ್ಕು ವರ್ಗ. ಮುಂದೆ ಆರಾಮ ಕುರ್ಚಿ. ಅದು ಊರ ಗಣ್ಯರಿಗೂ ಅವರ ನಿದ್ರೆಗೂ ಮೀಸಲು. ಅದರ ಹಿಂದೆ ಸಾದಾ ಕುರ್ಚಿ, ಆಮೇಲೆ ಬೆಂಚು, ಕೊನೆಗೆ ನೆಲ. ನೆಲದ ಟಿಕೇಟಿಗೆ ಎಲ್ಲಕ್ಕಿಂತ ಕಡಿಮೆ ದರ. ಆದರೆ ಆಟವನ್ನು ಆಡಿಸುತ್ತಿದ್ದವರು ಆ ನೆಲದವರೇ. ಆರಾಮ ಕುರ್ಚಿಯ ಮಹನೀಯರು ಮೆಚ್ಚಿದರೆ ತಲೆದೂಗುತ್ತಾರೆ. ತಲೆದೂಗುವುದು ರಂಗಸ್ಥಳಕ್ಕೆ ಕೇಳಿಸುವುದಿಲ್ಲ. ನೆಲದವನು ಮೆಚ್ಚಿದರೆ ಭಾಗವತನ ತಾಳವೂ ಒಂದು ಕ್ಷಣ ಮುಗುಳ್ನಗುತ್ತದೆ. ಕಾಸರಕೋಡದ ಈ ಅಭಿಮಾನಿಗೆ ಬೆಂಚಿನ ಟಿಕೇಟು ಕೊಳ್ಳುವ ಶಕ್ತಿ ಇತ್ತು. ಕೊಳ್ಳುತ್ತಿರಲಿಲ್ಲ. ಕಾಸರಕೋಡದ ಮರಳು ಯಾವ ಮೆತ್ತೆಗೂ ಕಡಿಮೆಯಲ್ಲವೆಂಬುದು ಆತನ ವಾದ.

ಅಭಿಮಾನಿಯೆಂದರೆ ಯಾರ ಅಭಿಮಾನಿ? ಹೊನ್ನಾವರ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇರಲಿಲ್ಲ. ಮನೆ ಮನೆಗಳಲ್ಲಿ ಪಕ್ಷಗಳಿದ್ದವು. ಒಂದೇ ತಾಲೂಕಿನಲ್ಲಿ ಇತ್ತ ಗುಣವಂತೆಯ ಕೆರೆಮನೆ, ಅತ್ತ ಚಿಟ್ಟಾಣಿ. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಕಟ್ಟಿದ ಇಡಗುಂಜಿ ಮೇಳ, ಅವರ ಮಗ ಶಂಭು ಹೆಗಡೆಯವರ ಹದವಾದ ಅಭಿನಯ, ಮಹಾಬಲ ಹೆಗಡೆಯವರ ಗಾಂಭೀರ್ಯ, ಇವೆಲ್ಲ ಒಂದು ದಾರಿ. ಅಲ್ಲಿ ಕಣ್ಣಿನ ರೆಪ್ಪೆ ಎಷ್ಟು ಎತ್ತಬೇಕೆಂಬುದಕ್ಕೂ ಒಂದು ಲೆಕ್ಕ. ೧೯೩೩ರಲ್ಲಿ ಹುಟ್ಟಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು ಇನ್ನೊಂದು ದಾರಿ. ಅವರು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವರಲ್ಲ. ಕಾಲಿನಲ್ಲಿಯೇ ಸರಸ್ವತಿಯನ್ನು ಇಟ್ಟುಕೊಂಡು ಬಂದವರು. ಭಸ್ಮಾಸುರ, ಕೀಚಕ, ದುಷ್ಟಬುದ್ಧಿ ಮೊದಲಾದ ಪಾತ್ರಗಳಲ್ಲಿ ಅವರು ರಂಗವನ್ನು ಹೊಕ್ಕರೆಂದರೆ ನಿದ್ರಿಸುತ್ತಿದ್ದ ಆರಾಮ ಕುರ್ಚಿಗಳು ಸಹ ನೆಟ್ಟಗಾಗುತ್ತಿದ್ದವು. ಅವರ ಕುಣಿತ ಅತಿಯಾಯಿತೆಂದು ಮೂಗು ಮುರಿದ ಪಂಡಿತರಿಗೆ ಕೊರತೆಯಿರಲಿಲ್ಲ. ಪಂಡಿತರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಇರುಳು ಎರಡು ಗಂಟೆಗೆ, ಹಗಲೆಲ್ಲ ದುಡಿದು ಬಂದ ಮನುಷ್ಯನನ್ನು ಎಬ್ಬಿಸಿ ಕೂರಿಸುವುದು ಏನು ಸಾಮಾನ್ಯ ಕೆಲಸವೇ? ಆ ಕೆಲಸವನ್ನು ಚಿಟ್ಟಾಣಿಯವರಷ್ಟು ಚೆನ್ನಾಗಿ ಮಾಡಿದವರು ವಿರಳ.

ಜನ ಹೆಚ್ಚಾದಲ್ಲಿ ಗದ್ದಲವೂ ಹೆಚ್ಚು. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಪೈಪೋಟಿಯಿಂದ ಆಡುವ ಜೋಡಾಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಜನಸಮೂಹವು ಉಬ್ಬರದ ನೀರಿನಂತೆ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಹರಿಯುತ್ತದೆ. ಸಾದಾ ಆಟದಲ್ಲಿಯೂ ‘ಒನ್ಸ್ ಮೋರ್’ ಎಂಬ ಕೂಗು, ಸಿಳ್ಳೆ, ಪಕ್ಷಪಕ್ಷಗಳ ನಡುವೆ ಮಾತಿಗೆ ಮಾತು, ಟಿಕೇಟಿಲ್ಲದವರು ಬಟ್ಟೆಯ ಗೋಡೆಯನ್ನು ಎತ್ತಿ ನುಸುಳುವುದು, ಅವರ ಕಾಲನ್ನು ಹಿಡಿದು ಕಾವಲಿನವರು ಹೊರಗೆ ಎಳೆಯುವುದು, ಇವೆಲ್ಲ ಆಟದೊಳಗಿನ ಆಟ. ಮುಂಡ ಒಳಗೆ, ಕಾಲು ಹೊರಗೆ ಇರುವ ಸ್ಥಿತಿಯಲ್ಲಿಯೇ ಒಂದು ಪೂರ್ತಿ ಪದ್ಯವನ್ನು ಕೇಳಿ ಆನಂದಿಸಿದ ರಸಿಕರೂ ಉಂಟು.

ಒಂದು ಬೇಸಗೆಯಲ್ಲಿ ಕಾಸರಕೋಡದ ಬಯಲಿನಲ್ಲಿ ಮೇಳವೊಂದು ಡೇರೆ ಹಾಕಿತು. ಪ್ರಸಂಗ ಭಸ್ಮಾಸುರ ಮೋಹಿನಿ. ಎಂದಿನಂತೆ ಮಧ್ಯಾಹ್ನ ಜೀಪು ಬಂದಿತು. ಧ್ವನಿವರ್ಧಕ ಹಿಡಿದಿದ್ದವನು ‘ಚಿಟ್ಟಾಣಿ ಶೈಲಿಯ ಭಸ್ಮಾಸುರ’ ಎಂದು ಕೂಗಿದನಂತೆ. ಹಾಗೆ ಕೂಗಿದ್ದು ದಿಟವೆಂದು ಆಟವನ್ನು ಗುತ್ತಿಗೆ ಹಿಡಿದವರು ಮುಂದೆ ಆಣೆ ಇಟ್ಟು ಹೇಳಿದರು. ಆದರೆ ಶರಾವತಿಯ ದಕ್ಷಿಣ ದಡದ ಈ ಊರಿನಲ್ಲಿ ಮಧ್ಯಾಹ್ನದ ಕಡಲಗಾಳಿ ಬಹಳ ಬಲವಾದುದು. ಗಾಳಿಮರಗಳ ಮೊರೆತದಲ್ಲಿ ‘ಶೈಲಿಯ’ ಎಂಬ ನಡುವಿನ ಮಾತು ಹಾರಿಹೋಯಿತು. ಊರಿನ ಕಿವಿಗೆ ಬಿದ್ದದ್ದು ಚಿಟ್ಟಾಣಿ, ಭಸ್ಮಾಸುರ, ಇವೆರಡೇ. ಗಾಳಿ ತಿಂದಿತೋ, ಕೂಗಿದವನೇ ಆ ಮಾತನ್ನು ಮೆಲ್ಲಗೆ ನುಂಗಿದನೋ, ಆ ದೇವರೇ ಬಲ್ಲ. ಅಂತೂ ಚಿಟ್ಟಾಣಿಯವರನ್ನು ಯಾರೂ ಕರೆದಿರಲಿಲ್ಲ. ತಮ್ಮ ಹೆಸರಿನಲ್ಲಿ ಇಲ್ಲೊಂದು ಡೇರೆ ತುಂಬುತ್ತಿದೆಯೆಂಬುದು ಅವರಿಗೆ ತಿಳಿದಿರಲೂ ಇಲ್ಲ.

ಸಂಜೆಗೆ ಜನ ಸೇರಿದ ಪರಿ ಜಾತ್ರೆಯನ್ನು ಮೀರಿಸಿತು. ಮಂಕಿಯಿಂದ, ಇಡಗುಂಜಿಯಿಂದ, ಹೊಳೆಯಾಚೆಯಿಂದ ಜನ ಬಂದರು. ಅಭಿಮಾನಿಯು ಅಕ್ಕನ ಆರು ವರ್ಷದ ಮಗನನ್ನೂ ಕರೆದುಕೊಂಡು ಹೊರಟಾಗ ಅಕ್ಕ ಬಾಗಿಲಲ್ಲಿ ತಡೆದಳು.

“ತಮ್ಮಾ, ಸಿಳ್ಳೆ ಹೊಡೆಯುವ ಭರದಲ್ಲಿ ಹುಡುಗನ ಕೈ ಬಿಟ್ಟೀಯ.”

“ಒಂದು ಕೈ ಅವನಿಗೆ, ಒಂದು ಕೈ ಸಿಳ್ಳೆಗೆ. ಸಾಲದೇ ಅಕ್ಕಾ?”

ಒಂದೇ ಕೈಯ ಎರಡು ಬೆರಳುಗಳಿಂದಲೂ ಆತ ಸಿಳ್ಳೆ ಹೊಡೆಯಬಲ್ಲವನಾಗಿದ್ದ. ಆದರೆ ಆ ಸಿಳ್ಳೆ ಎರಡು ಕೈಯ ಸಿಳ್ಳೆಯಷ್ಟು ದೂರ ಹೋಗುತ್ತಿರಲಿಲ್ಲ.

ಪೂರ್ವರಂಗ ಕಳೆಯಿತು. ಪ್ರಸಂಗ ಆರಂಭವಾಯಿತು. ನಡುರಾತ್ರಿ ಸಮೀಪಿಸಿತು. ಚೌಕಿಯ ಕಡೆಗೆ ಹೋಗಿ ಇಣಿಕಿ ಬಂದ ಯಾವನೋ ಒಬ್ಬನು, ‘ಬಣ್ಣಕ್ಕೆ ಕುಳಿತವರು ಚಿಟ್ಟಾಣಿಯವರಲ್ಲ, ಬೇರೆ ಯಾರೋ ಹುಡುಗ’ ಎಂದು ಪಕ್ಕದವನ ಕಿವಿಯಲ್ಲಿ ಹೇಳಿದ. ಒಣಹುಲ್ಲಿಗೆ ಕಿಡಿ ಬೀಳುವುದಕ್ಕೆ ಎಷ್ಟು ಹೊತ್ತು ಬೇಕು? ಬೆಂಚಿನ ಕಡೆಯಿಂದ ಮೊದಲ ಕೂಗು ಎದ್ದಿತು. ನೆಲ ಅದಕ್ಕೆ ದನಿಗೂಡಿಸಿತು. ‘ಹಣ ಕೊಡಿ’ ಎಂದು ಕೆಲವರು, ‘ಚಿಟ್ಟಾಣಿಯವರನ್ನು ಕರೆಸಿ’ ಎಂದು ಹಲವರು. ಕುರ್ಚಿಯೊಂದು ಗಾಳಿಯಲ್ಲಿ ತೇಲಿಬಂದು ಬೇರೆ ಕುರ್ಚಿಗಳ ಮೇಲೆ ಬಿದ್ದಿತು. ಆರಾಮ ಕುರ್ಚಿಯ ಗಣ್ಯರು ಅಂದು ಮೊದಲ ಬಾರಿಗೆ ಓಡುವುದನ್ನು ಊರು ಕಂಡಿತು. ರಂಗದ ಮೇಲಿದ್ದ ಸ್ತ್ರೀವೇಷದವರು ಏನು ಮಾಡಬೇಕೆಂದು ತೋಚದೆ ಸೆರಗನ್ನು ಹಿಡಿದು ನಿಂತರು. ಭಾಗವತರು ವಯಸ್ಸಾದವರು, ಪದ್ಯವನ್ನು ನಿಲ್ಲಿಸಲಿಲ್ಲ. ಹಾಡುವುದು ಕೇಳಿಸುತ್ತಿರಲಿಲ್ಲ, ಬಾಯಿ ಆಡುವುದು ಮಾತ್ರ ಕಾಣಿಸುತ್ತಿತ್ತು.

ಆಗ ಹಲವು ಮುಖಗಳು ಅಭಿಮಾನಿಯ ಕಡೆಗೆ ತಿರುಗಿದವು. “ಹೊಡಿ ಮಾರಾಯ, ಒಂದು ಸಿಳ್ಳೆ ಹೊಡಿ! ಆಟ ನಿಲ್ಲಲಿ!” ಸಿಳ್ಳೆಗೆ ಎರಡು ಅರ್ಥಗಳಿವೆ. ಮೆಚ್ಚಿಗೆಯ ಸಿಳ್ಳೆ ಗಿಡ್ಡ, ತುದಿಯಲ್ಲಿ ಮೇಲೇರುತ್ತದೆ. ಓಡಿಸುವ ಸಿಳ್ಳೆ ಉದ್ದ, ಬಾಗುವುದಿಲ್ಲ. ಎರಡನೆಯದನ್ನು ಆತ ಅಲ್ಲಿಯವರೆಗೆ ಹೊಡೆದವನಲ್ಲ. ಆದರೆ ಮೋಸ ಹೋದೆನೆಂಬ ಸಿಟ್ಟು ಆತನಿಗೂ ಇತ್ತು. ಉಳಿದವರಿಗಿಂತ ಹೆಚ್ಚೇ ಇತ್ತು. ತಿಂಗಳಿಡೀ ಕಾದ ರಾತ್ರಿ ಅದು. ಬೆಂಚಿನ ಮೇಲೆ ಹತ್ತಿ ನಿಂತ. ಎರಡು ಕೈಗಳನ್ನೂ ಬಾಯಿಗೆ ತಂದ.

ಎರಡು ಕೈಗಳನ್ನೂ ತಂದಾಗಲೇ ಹುಡುಗನ ಕೈ ಬಿಟ್ಟದ್ದು ತಿಳಿಯಿತು. ಕೆಳಗೆ ನೋಡಿದರೆ ಹುಡುಗನಿಲ್ಲ.

ಅದೇ ಗಳಿಗೆಯಲ್ಲಿ ಹಿಂದಿನಿಂದ ನೂಕು ಬಂದಿತು. ಬೆಂಚು ಮುರಿಯಿತು. ಸಾವಿರಾರು ಕಾಲುಗಳ ನಡುವೆ ಒಂದು ಆರು ವರ್ಷದ ಮಗು ಎಲ್ಲಿದೆಯೆಂದು ಹುಡುಕುವುದು ಹೇಗೆ? ಹೆಸರು ಹಿಡಿದು ಕೂಗಿದರೆ ಆ ಕೂಗು ಉಳಿದ ಕೂಗುಗಳಲ್ಲಿ ಒಂದಾಯಿತು. ಮರಳಿನ ಮೇಲೆ ಮೊಣಕಾಲೂರಿ, ಕಾಲುಗಳ ಕಾಡಿನಲ್ಲಿ ತಡಕಾಡಿದ. ಒಂದು ಚಪ್ಪಲಿ ಸಿಕ್ಕಿತು, ಅದು ಬೇರೆಯವರದು. ಶೇಂಗಾ ಮಾರುವವನ ಬುಟ್ಟಿ ಮಗುಚಿತ್ತು. ನೂಕು ಒಂದು ಬದಿಗೆ ಹೆಚ್ಚುತ್ತ ಹೋಗಿ ಬಟ್ಟೆಯ ಗೋಡೆಯ ಮೇಲೆ ಬಿದ್ದಿತು. ಕಂಬಗಳು ಬಾಗಿದವು. ಬಟ್ಟೆ ಪರ್ರೆಂದು ಹರಿಯಿತು. ನೂರಾರು ಜನ ಒಬ್ಬರ ಮೇಲೊಬ್ಬರು ಉರುಳಿ ಹೊರಗಿನ ಮರಳಿನ ಮೇಲೆ ಹರಡಿದರು. ಅಷ್ಟೇ. ಎದ್ದು ಮೈ ಕೊಡವಿಕೊಂಡರು. ತರಚಿದ ಮೊಣಕೈಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ಕೆಲವರು ನಕ್ಕರು.

ಆ ಬಟ್ಟೆಯ ವಿಷಯವಾಗಿ ಒಂದು ಮಾತು ಹೇಳಬೇಕು. ಡೇರೆಯ ಗೋಡೆ ಬಟ್ಟೆಯದಾಗಿದ್ದರಿಂದ ಮೇಳದ ಯಜಮಾನರಿಗೆ ಆದ ನಷ್ಟ ಅಪಾರ. ಟಿಕೇಟಿಲ್ಲದೆ ನುಸುಳಿದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಆದರೆ ಬಟ್ಟೆ ಜನರ ಎದುರಿಗೆ ಸೆಟೆದು ನಿಲ್ಲುವುದಿಲ್ಲ, ಸೋಲುತ್ತದೆ. ೧೯೭೯ರ ಡಿಸೆಂಬರ್ ೩ರಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ‘ದಿ ಹೂ’ ಎಂಬ ರಾಕ್ ಸಂಗೀತದ ತಂಡದ ಕಚೇರಿಗೆ ಜನ ನೆರೆದಿದ್ದರು. ಅಲ್ಲಿನ ಟಿಕೇಟುಗಳಲ್ಲಿ ಬಹುಪಾಲು ಕುರ್ಚಿಯ ಸಂಖ್ಯೆ ಇಲ್ಲದವು, ಮೊದಲು ಬಂದವನಿಗೆ ಮುಂದಿನ ಜಾಗ. ಎಂದರೆ ಕಾಸರಕೋಡದ ಭಾಷೆಯಲ್ಲಿ ನೆಲದ ಟಿಕೇಟು. ಒಳಗೆ ವಾದ್ಯದ ಸದ್ದು ಕೇಳಿ ಆಟ ಆರಂಭವಾಯಿತೆಂದು ಹಿಂದಿನವರು ನೂಕಿದರು. ತೆರೆದಿದ್ದ ಬಾಗಿಲುಗಳು ಕೆಲವೇ. ಹನ್ನೊಂದು ಮಂದಿ ಎಳೆಯರು ಉಸಿರುಗಟ್ಟಿ ಸತ್ತರು. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಗೆದ್ದ ಕ್ರಿಕೆಟ್ ತಂಡವನ್ನು ನೋಡಲು ಬಂದ ಸಂತೋಷದ ಜನಸಂದಣಿಯಲ್ಲಿ ಸತ್ತವರೂ ಹನ್ನೊಂದೇ ಮಂದಿ. ಅವರಲ್ಲಿ ಪುಂಡರು ಯಾರಿದ್ದರು? ನೂಕಿದವನಿಗೆ ಮುಂದೆ ಏನಿದೆಯೆಂದು ಕಾಣುವುದಿಲ್ಲ. ಮುಂದಿರುವವನಿಗೆ ಹಿಂದೆ ಸರಿಯಲು ಎಡೆಯಿಲ್ಲ. ಮುಚ್ಚಿದ ಬಾಗಿಲು ಇವೆರಡನ್ನೂ ಕೇಳುವುದಿಲ್ಲ. ಜನರನ್ನು ಬೈಯುವುದು ಸುಲಭ. ಬಾಗಿಲುಗಳನ್ನು ಎಣಿಸುವುದು ಅಷ್ಟು ಸುಲಭವಲ್ಲವಾದ್ದರಿಂದ ಬೈಗುಳವೇ ಹೆಚ್ಚು ಚಲಾವಣೆಯಲ್ಲಿದೆ.

ಕಾಸರಕೋಡದ ಆ ರಾತ್ರಿಗೆ ಬರೋಣ. ಅಭಿಮಾನಿ ಡೇರೆಯನ್ನೆಲ್ಲ ಹುಡುಕಿ, ಹೊರಗಿನ ಗಾಳಿಮರಗಳ ಬುಡಗಳನ್ನು ನೋಡಿ, ಚಹದ ಅಂಗಡಿಯಲ್ಲಿ ವಿಚಾರಿಸಿ, ಅಕ್ಕನಿಗೆ ಏನು ಹೇಳಲೆಂದು ಬಾಯಿ ಒಣಗಿ, ಕೊನೆಗೆ ಚೌಕಿಯ ಹಿಂಬದಿಗೆ ಬಂದ. ಬಟ್ಟೆಯನ್ನು ಸರಿಸಿದ. ಒಳಗೆ ದೀಪದ ಬೆಳಕಿನಲ್ಲಿ ವೇಷಧಾರಿಗಳು ಮೌನವಾಗಿ ಸಾಲಾಗಿ ಕುಳಿತಿದ್ದರು. ಭಸ್ಮಾಸುರನ ವೇಷದವರು ಕನ್ನಡಿಯನ್ನು ಮುಖದ ಮುಂದೆ ಹಿಡಿದು ಕಣ್ಣಿನ ಕೆಳಗೆ ಗೆರೆ ಎಳೆದುಕೊಳ್ಳುತ್ತಿದ್ದರು. ಇಪ್ಪತ್ತೈದರ ಆಸುಪಾಸಿನ ವಯಸ್ಸು. ಅವರ ಪಕ್ಕದಲ್ಲಿ, ಬಣ್ಣದ ಪೆಟ್ಟಿಗೆಗೆ ಒರಗಿ, ಹುಡುಗ ಕುಳಿತಿದ್ದ. ಕೈಯಲ್ಲೊಂದು ಗೆಜ್ಜೆ.

“ಮಗು ನಿಮ್ಮದೋ?” ಎಂದರು ವೇಷದವರು, ಕನ್ನಡಿಯಿಂದ ಕಣ್ಣು ತೆಗೆಯದೆ. “ಬಟ್ಟೆಯ ಅಡಿಯಿಂದ ನುಗ್ಗಿ ಬಂದ. ಹೊರಗೆ ಕಳಿಸಲು ಹೆದರಿಕೆಯಾಯಿತು.”

ಅಭಿಮಾನಿಗೆ ಮಾತು ಹೊರಡಲಿಲ್ಲ. ಹುಡುಗನನ್ನು ಎತ್ತಿಕೊಂಡು ಹೊರಗೆ ಬಂದ. ಹೊರಗೆ ಬಂದ ಮೇಲೆ ಹುಡುಗ ಮಾವನ ಕಿವಿಗೆ ಬಾಯಿಟ್ಟು ಹೇಳಿದ: “ಮಾವ, ರಾಕ್ಷಸನ ಕೈ ನಡುಗುತ್ತಿತ್ತು.”

ಆ ಹೊತ್ತಿಗೆ ಊರ ಹಿರಿಯರು ಇಬ್ಬರು ರಂಗಸ್ಥಳವನ್ನು ಹತ್ತಿ ಕೈ ಮುಗಿದಿದ್ದರು. ಗುತ್ತಿಗೆಯವರು ಅರ್ಧ ಹಣ ಮರಳಿ ಕೊಡುವುದಾಗಿ ಸಾರಿದ್ದರು. ಕೊಟ್ಟರೆಂದು ಯಾರೂ ಸಾಕ್ಷಿ ಹೇಳುವುದಿಲ್ಲ. ಗದ್ದಲವನ್ನು ನಿಜವಾಗಿ ಅಡಗಿಸಿದ್ದು ಇದಾವುದೂ ಅಲ್ಲ, ಚಂಡೆ. ಚಂಡೆಯವರು ಯಾರನ್ನೂ ಕೇಳದೆ ಬಾರಿಸಲು ತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ದಟ್ಟವಾಗಿ, ಕೊನೆಗೆ ಕಿವಿ ಗಡಚಿಕ್ಕುವಂತೆ. ಕಡಲ ಮೊರೆತದೆದುರಿಗೆ ಕೇಳಿಸಬೇಕೆಂದೇ ಹುಟ್ಟಿದ ವಾದ್ಯವೋ ಎಂಬಂತೆ ಅದು ಜನರ ಕೂಗನ್ನು ಮೀರಿ ನಿಂತಿತು. ಕೂಗುವವನಿಗೆ ತನ್ನ ಕೂಗು ತನಗೇ ಕೇಳಿಸದೆ ಹೋದಾಗ ಬಾಯಿ ಮುಚ್ಚುವುದೊಂದೇ ದಾರಿ. ಜನ ಕುಳಿತರು. ಕುರ್ಚಿಗಳು ಮುರಿದಿದ್ದವಾದ್ದರಿಂದ ಅಂದು ಎಲ್ಲರೂ ನೆಲದಲ್ಲಿಯೇ ಕುಳಿತರು, ಗಣ್ಯರೂ ಕೂಡ.

ಭಸ್ಮಾಸುರ ರಂಗವನ್ನು ಹೊಕ್ಕಾಗ ಚಪ್ಪಾಳೆಯಿಲ್ಲ, ಬೈಗುಳವಿಲ್ಲ. ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಎರಡು ಕೈಗಳನ್ನೂ ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡು ಅಭಿಮಾನಿ ನೋಡಿದ. ಎಡಗಣ್ಣಿನ ಕೆಳಗಿನ ಗೆರೆ ಸೊಟ್ಟಗಿತ್ತು. ಬಲಗಣ್ಣಿನದು ಸರಿಯಾಗಿತ್ತು. ಡೇರೆಯಲ್ಲಿದ್ದ ಬೇರಾರಿಗೂ ಅದು ಕಾಣಿಸಿರಲಾರದು. ಆತನಿಗೆ ಬೆಳಗಿನವರೆಗೆ ಅದೊಂದೇ ಕಾಣಿಸಿತು. ಮೊದಲ ಪದ್ಯಕ್ಕೆ ಹೆಜ್ಜೆ ತಡವರಿಸಿತು. ಎರಡನೆಯದಕ್ಕೆ ಭಾಗವತರು ಲಯವನ್ನು ಸ್ವಲ್ಪ ತಗ್ಗಿಸಿ, ಮಗುವನ್ನು ಕೈಹಿಡಿದು ನಡೆಸುವಂತೆ ನಡೆಸಿದರು. ಶಿವನಿಂದ ಉರಿಹಸ್ತದ ವರ ಪಡೆದ ಮೇಲೆ ಆ ತರುಣನ ಮೈಯಲ್ಲಿ ಏನೋ ಬಂದಿತು. ಮಂಡಿಯೂರಿ ರಂಗದ ಸುತ್ತ ತಿರುಗಿದರು. ಒಂದು ಸುತ್ತು, ಎರಡು ಸುತ್ತು, ಮೂರು. ಚಿಟ್ಟಾಣಿಯವರ ಕುಣಿತವಲ್ಲ ಅದು. ಆ ಬೆಡಗು ಅದಕ್ಕಿರಲಿಲ್ಲ. ಹೆದರಿದ ಮನುಷ್ಯನೊಬ್ಬನು ಹೆದರಿಕೆಯನ್ನು ಕಾಲಿನಿಂದ ತುಳಿಯುವ ಕುಣಿತ. ಆ ರಾತ್ರಿಗೆ ಅದೇ ತಕ್ಕುದಾಗಿತ್ತೆಂದು ತೋರುತ್ತದೆ.

ಬೆಂಚುಗಳಿದ್ದ ಕಡೆಯಿಂದ, ‘ಹಣ ಕೊಡಿ’ ಎಂಬ ಮೊದಲ ಕೂಗು ಎದ್ದಿದ್ದ ಮೂಲೆಯಿಂದಲೇ, ಯಾವನೋ ಒಬ್ಬನು ಸಿಳ್ಳೆ ಹೊಡೆದ. ಗಿಡ್ಡ ಸಿಳ್ಳೆ, ತುದಿಯಲ್ಲಿ ಮೇಲೇರಿದ್ದು. ಕೆಟ್ಟ ಸಿಳ್ಳೆ, ಅರ್ಧ ಗಾಳಿ, ಅರ್ಧ ಉಗುಳು. ಅಭಿಮಾನಿಗೆ ಕೊಂಚ ಹೊಟ್ಟೆಕಿಚ್ಚಾಯಿತು. ಆದರೂ ಹುಡುಗನ ಕೈ ಬಿಡಲಿಲ್ಲ.

ಅಲ್ಲಿಂದ ಮುಂದೆ ಆತ ಸಿಳ್ಳೆ ಹೊಡೆಯುವುದನ್ನು ಬಿಟ್ಟನೆಂದು ಕತೆಗಾರರು ಬರೆಯುವರು. ಹಾಗೇನೂ ಆಗಲಿಲ್ಲ. ಮರುತಿಂಗಳೇ ಹೊನ್ನಾವರದಲ್ಲಿ ಹೊಡೆದ. ಕಾಳಿಂಗ ನಾವಡರ ಕಂಠಕ್ಕೆ ಕರಾವಳಿಯ ತರುಣರೆಲ್ಲ ಮರುಳಾದಾಗ ತಾನೂ ಮರುಳಾಗಿ, ಅವರ ಹಾಡುಗಳ ಕ್ಯಾಸೆಟ್ಟುಗಳನ್ನು ಕೊಂಡು, ೧೯೯೦ರ ಮೇ ತಿಂಗಳಲ್ಲಿ ಮೂವತ್ತೆರಡು ತುಂಬುವ ಮೊದಲೇ ಅವರು ರಸ್ತೆಯ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ಅಂಗಡಿಗೆ ಹೋಗದೆ ಕುಳಿತ. ೨೦೦೯ರ ಫೆಬ್ರವರಿಯಲ್ಲಿ ಶಂಭು ಹೆಗಡೆಯವರು ಇಡಗುಂಜಿಯಲ್ಲಿ ವೇಷ ಧರಿಸಿದ್ದ ರಾತ್ರಿಯೇ ಹೃದಯಾಘಾತಕ್ಕೆ ಗುರಿಯಾಗಿ ಹೋದಾಗ, ಎದುರು ಪಕ್ಷದವನಾಗಿದ್ದರೂ ಬಹಳ ನೊಂದುಕೊಂಡ. ಚಿಟ್ಟಾಣಿಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ೨೦೧೨ರಲ್ಲಿ ಪದ್ಮಶ್ರೀ ಪಡೆದ ಮೊದಲ ಯಕ್ಷಗಾನ ಕಲಾವಿದರು ಅವರೇ. ೨೦೧೭ರ ಅಕ್ಟೋಬರ್ ೩ರಂದು ನಿಧನರಾದರು. ಅವರ ಕೊನೆಯ ವರ್ಷಗಳ ಆಟಗಳಲ್ಲಿ ಜನ ‘ಒನ್ಸ್ ಮೋರ್’ ಎಂದು ಕೂಗಿದಾಗ ಈತ ಮಾತ್ರ ಪಕ್ಕದವರನ್ನು ಗದರುತ್ತಿದ್ದನಂತೆ: “ಅವರ ಮಂಡಿ ನಿಮ್ಮಪ್ಪನ ಮನೆಯದೇನೋ?”

ಹುಡುಗನ ವಿಚಾರ ಬೇರೆ. ಅವನು ಓದಿದ, ಬೆಂಗಳೂರಿಗೆ ಹೋದ, ಕಂಪ್ಯೂಟರಿನ ಕೆಲಸ ಹಿಡಿದ, ರಾಕ್ ಸಂಗೀತದ ಹುಚ್ಚು ಹಿಡಿಸಿಕೊಂಡ. ಅಮೆರಿಕದಲ್ಲಿ ೧೯೮೧ರಲ್ಲಿ ಹುಟ್ಟಿದ ‘ಮೆಟಾಲಿಕಾ’ ಎಂಬ ತಂಡ ೨೦೧೧ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಭಾರತಕ್ಕೆ ಬಂದಿತು. ೨೮ರಂದು ದಿಲ್ಲಿಯ ಬಳಿಯ ಗುಡಗಾಂವದಲ್ಲಿ ನಡೆಯಬೇಕಾಗಿದ್ದ ಕಚೇರಿಯ ದಿನ ಜನರ ಒತ್ತಡಕ್ಕೆ ಅಡ್ಡಗಟ್ಟೆ ಮುರಿಯಿತು, ಕಚೇರಿ ನಿಂತುಹೋಯಿತು, ಸಿಟ್ಟಿಗೆದ್ದವರು ವೇದಿಕೆಯನ್ನೇರಿ ಸಲಕರಣೆಗಳನ್ನು ಒಡೆದರು. ಎರಡು ದಿನಗಳ ತರುವಾಯ ೩೦ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡದ ಕಚೇರಿ ಸಾಂಗವಾಗಿ ನಡೆಯಿತು. ಸೋದರಳಿಯ ಅಲ್ಲಿದ್ದ. ಮೂವತ್ತು ದಾಟಿದ ಆ ಗೃಹಸ್ಥ ಇಡೀ ಸಂಜೆ ನಿಂತು, ಕೂಗಿ, ಪಕ್ಕದವರ ಮೊಣಕೈ ತಿವಿತಗಳನ್ನು ಸಂತೋಷದಿಂದ ಉಂಡು, ಗಂಟಲು ಕಳೆದುಕೊಂಡು ಬಂದ. ಆ ಕಾರ್ತಿಕದಲ್ಲಿ ಊರಿಗೆ ಬಂದಾ‌ಗ ಇನ್ನೂ ಪೂರ್ತಿ ದನಿ ಮರಳಿರಲಿಲ್ಲ.

ಜಗುಲಿಯ ಮೇಲೆ ಕುಳಿತು ಮಾವ ವಿಚಾರಿಸಿದ.

“ಕುರ್ಚಿ ಎಷ್ಟಿತ್ತು?”

“ಕುರ್ಚಿಯೇ ಇಲ್ಲ ಮಾವ. ಎಲ್ಲ ನೆಲ. ಕುಳಿತುಕೊಳ್ಳುವುದೂ ಇಲ್ಲ, ನಿಲ್ಲುವುದು.”

ಟಿಕೇಟಿನ ದರವನ್ನು ಕೇಳಿ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಲದ ಟಿಕೇಟಿಗೆ ಅಷ್ಟು ಹಣವೇ! ಅಷ್ಟರಲ್ಲಿ ಹಿಂದಿನ ಕಾಲದಲ್ಲಿ ಊರಿಗೆ ಊರನ್ನೇ ಆರಾಮ ಕುರ್ಚಿಯಲ್ಲಿ ಕೂರಿಸಬಹುದಾಗಿತ್ತು.

“ಬೆಳಗಿನವರೆಗೆ ಇತ್ತೇನು?”

“ಎರಡು ತಾಸು.”

“ಎರಡೇ ತಾಸೇ?” ಮಾವನ ದನಿಯಲ್ಲಿ ಕನಿಕರವಿತ್ತು. ಅಷ್ಟು ಹೊತ್ತಿಗೆ ಕಾಸರಕೋಡದಲ್ಲಿ ಪೂರ್ವರಂಗವೂ ಸರಿಯಾಗಿ ಮುಗಿಯುತ್ತಿರಲಿಲ್ಲ. ಆಮೇಲೆ ಚಂಡೆಯ ವಿಷಯ ಬಂದಿತು. ಸೋದರಳಿಯ ತನ್ನ ಮೊಬೈಲಿನಲ್ಲಿ ಹಿಡಿದುಕೊಂಡು ಬಂದಿದ್ದನ್ನು ಹಾಕಿ ತೋರಿಸಿದ. ಕೆಂಪು ಬೆಳಕು, ಸಾವಿರಾರು ಎತ್ತಿದ ಕೈಗಳು, ದೂರದಲ್ಲಿ ಬೆರಳಿನಷ್ಟು ಗಾತ್ರದ ಮನುಷ್ಯರು. ಆ ಪುಟ್ಟ ಯಂತ್ರದಿಂದ ಹೊರಟ ಸದ್ದು ಡಬ್ಬಿಯಲ್ಲಿ ಕಲ್ಲು ಅಲುಗಾಡಿಸಿದಂತಿತ್ತು. ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಗಮನವಿಟ್ಟು ಕೇಳಿದ. ನಡುವೆ ಎಲ್ಲಿಯೋ ಒಂದು ಸಿಳ್ಳೆ ಕೇಳಿಸಿತು. “ಇದು ಒಂದು ಕೈಯದು,” ಎಂದ.

ಸೋದರಳಿಯನಿಗೆ ಕಾಸರಕೋಡದ ಆ ರಾತ್ರಿಯ ನೆನಪು ಚೆನ್ನಾಗಿಯೇ ಇತ್ತು. ಗದ್ದಲವಲ್ಲ, ಬಣ್ಣದ ಪೆಟ್ಟಿಗೆಯ ವಾಸನೆ, ಅಂಗೈಯಲ್ಲಿದ್ದ ಗೆಜ್ಜೆಯ ತಣ್ಣನೆಯ ಹಿತ್ತಾಳೆ. ಗುಡಗಾಂವದಲ್ಲಿ ವೇದಿಕೆ ಮುರಿದದ್ದನ್ನು ಅವನು ಹೇಳಿದಾಗ ಮಾವ ಕೇಳಿದ ಪ್ರಶ್ನೆ ಒಂದೇ.

“ಆಗ ಆ ಹಾಡುವವರು ಎಲ್ಲಿದ್ದರು?”

“ಗೊತ್ತಿಲ್ಲ ಮಾವ. ಹೊಟೇಲಿನಲ್ಲಿ ಇದ್ದಿರಬೇಕು.”

“ಬಣ್ಣ ಹಚ್ಚುತ್ತಾರೋ ಅವರು?”

“ಇಲ್ಲ. ಹಾಗೆಯೇ ಬರುತ್ತಾರೆ.”

ಮಾವ ಮೊಬೈಲನ್ನು ಮರಳಿ ಕೊಟ್ಟ. ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು. ಏಳುವಾಗ, ಎರಡು ಬೆರಳುಗಳನ್ನು ಬಾಯಿಗಿಟ್ಟು ಒಮ್ಮೆ ಊದಿ ನೋಡಿದ. ಮುಂದಿನ ಹಲ್ಲುಗಳು ಬಿದ್ದು ಎರಡು ವರ್ಷಗಳಾಗಿದ್ದವು. ಬರಿಯ ಗಾಳಿ ಬಂದಿತು. ಸೋದರಳಿಯ ನಕ್ಕು, ತನಗೆ ಅಷ್ಟೂ ಬರುವುದಿಲ್ಲವೆಂದ.